ಬಾಣಂತಿಯ ಮನಸ್ಸನ್ನು ತಪಾಸಣೆ ಮಾಡುವುದು ಹೇಗೆ?

ಮಗುವಿನ ತೂಕ ನೋಡುತ್ತೇವೆ, ತಾಯಿಯ ಬಿಪಿ ನೋಡುತ್ತೇವೆ, ಹೊಲಿಗೆ ನೋಡುತ್ತೇವೆ. ಮನಸ್ಸಿನ ವಿಷಯ ಬಂದಾಗ ಮಾತ್ರ ‘ಚೆನ್ನಾಗಿದ್ದೀಯಾಮ್ಮಾ?’ ಅಂತ ಒಂದು ಮಾತು. ಅವಳು ‘ಹೂಂ’ ಅಂದರೆ ಮುಗೀತು. ಇದು ತಪಾಸಣೆ ಅಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇದನ್ನು ಸರಿಯಾಗಿ ಮಾಡಬಹುದು.

ಹೆರಿಗೆಯಾದ ಮೊದಲ ದಿನಗಳಲ್ಲಿ ಸುಮ್ನೆ ಅಳು ಬರುವುದು ಸಾಮಾನ್ಯ. ಎರಡು ವಾರದೊಳಗೆ ಅದು ತಾನಾಗಿ ಇಳಿಯುತ್ತದೆ. ಇಳಿಯದೆ ಉಳಿದರೆ ಅದು ಖಿನ್ನತೆ ಇರಬಹುದು. ಹಾಗಾಗಿ ಆರನೇ ವಾರದ ಲಸಿಕೆಗೆ ಬಂದಾಗ ಕೇಳಿ. ಹತ್ತನೇ ಅಥವಾ ಹದಿನಾಲ್ಕನೇ ವಾರದಲ್ಲಿ ಮತ್ತೊಮ್ಮೆ ಕೇಳಿ.

ಕೇಳಲು, ಬಾಣಂತಿಯರ ಖಿನ್ನತೆ ಪತ್ತೆಗೆಂದೇ ಮಾಡಿದ ಎಡಿನ್‌ಬರೋ ಪ್ರಶ್ನಾವಳಿ ಬಳಸಿ. 1987ರಲ್ಲಿ ಬಂದದ್ದು, 10 ಪ್ರಶ್ನೆ, ಕನ್ನಡದಲ್ಲೂ ಇದೆ. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ, ಯಾರೋ ತಮಗೆ ತೋಚಿದಂತೆ ಅನುವಾದಿಸಿದ ಹಾಳೆ ಬೇಡವೇ ಬೇಡ.

ಜಾಸ್ತಿ ಎಡವುವುದು ಕೇಳುವ ರೀತಿಯಲ್ಲಿ. ಅತ್ತೆ ಪಕ್ಕದಲ್ಲಿ ಕೂತಿದ್ದರೆ ಯಾವ ಸೊಸೆ ನಿಜ ಹೇಳುತ್ತಾಳೆ? ತವರಿನಲ್ಲಿದ್ದರೂ ಅಷ್ಟೇ, ಅಮ್ಮನಿಗೆ ನೋವಾಗುತ್ತದೆ ಅಂತ ಸುಮ್ಮನಿರುತ್ತಾಳೆ. ‘ಅಮ್ಮಾ, ನೀವು ಮಗು ಎತ್ಕೊಂಡು ಹೋಗಿ ತೂಕ ಹಾಕಿಸಿ’ ಅಂತ ಹಿರಿಯರನ್ನು ಆಚೆ ಕಳಿಸಿ, ಬಾಗಿಲು ಮುಚ್ಚಿ. ‘ಎಲ್ಲ ಬಾಣಂತಿಯರಿಗೂ ಇದನ್ನು ಕೇಳ್ತೀವಿ’ ಅಂತ ಮೊದಲೇ ಹೇಳಿ. ಕೇಳುತ್ತಿರುವುದು ಕಳೆದ 7 ದಿನಗಳ ಬಗ್ಗೆ ಎಂದು ನೆನಪಿಸಿ. ಓದಲು ಬಾರದಿದ್ದರೆ ನೀವೇ ಓದಿ, ಆದರೆ ಪ್ರತಿ ಪ್ರಶ್ನೆಯ ಕೆಳಗಿರುವ ನಾಲ್ಕೂ ಉತ್ತರಗಳನ್ನು ಒಂದೇ ದನಿಯಲ್ಲಿ ಓದಿ. ‘ಹಾಗೇನಿಲ್ಲ ಅಲ್ವಾ?’ ಅಂತ ಸೇರಿಸಿದರೆ ‘ಇಲ್ಲ’ ಅನ್ನುವ ಉತ್ತರವನ್ನು ನೀವೇ ಅವಳ ಬಾಯಿಗೆ ಹಾಕಿದಂತೆ. ಅವಳು ತಲೆನೋವು, ಮೈಕೈ ನೋವು ಅಂತಷ್ಟೇ ಹೇಳಿದರೆ, ಮಗು ಮಲಗಿದಾಗಲಾದರೂ ನಿದ್ದೆ ಬರುತ್ತಾ ಎಂದು ಕೇಳಿ. ಹೆಣ್ಣು ಮಗು ಹುಟ್ಟಿದ್ದಕ್ಕೆ ಮಾತು ಕೇಳಬೇಕಾಗಿದೆಯಾ, ಗಂಡ ಹೊಡೆಯುತ್ತಾನಾ ಎಂದೂ ಕೇಳಿ.

ಅಂಕ ಹಾಕುವಾಗ ಹುಷಾರು. 1, 2 ಮತ್ತು 4ನೇ ಪ್ರಶ್ನೆಗಳಲ್ಲಿ ಮೊದಲ ಉತ್ತರಕ್ಕೆ 0, ಮುಂದಿನವಕ್ಕೆ 1, 2, 3. ಉಳಿದ ಏಳರಲ್ಲಿ ಮೊದಲ ಉತ್ತರಕ್ಕೇ 3, ಆಮೇಲಿನವಕ್ಕೆ 2, 1, 0. ಒಟ್ಟು 30ರಲ್ಲಿ 13 ಅಥವಾ ಹೆಚ್ಚು ಬಂದರೆ ವೈದ್ಯರು ಅವಳನ್ನು ಕೂರಿಸಿ ವಿವರವಾಗಿ ಮಾತಾಡಬೇಕು. ಅಂಕವೊಂದೇ ಕಾಯಿಲೆಯನ್ನು ಖಚಿತಪಡಿಸುವುದಿಲ್ಲ. 10ರಿಂದ 12 ಬಂದರೆ ಎರಡು ವಾರದಲ್ಲಿ ಮತ್ತೆ ಕೇಳಿ.

ಹತ್ತನೇ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಅಂತ ಹೆದರಿ ಬಹಳ ಜನ ಇದನ್ನು ಹಾರಿಸುತ್ತಾರೆ. ಕೇಳುವುದರಿಂದ ಹಾಗೆ ಆಗುವುದಿಲ್ಲ, ದಯವಿಟ್ಟು ಕೇಳಿ. ‘ಎಂದೂ ಇಲ್ಲ’ ಬಿಟ್ಟು ಬೇರೆ ಯಾವ ಉತ್ತರ ಬಂದರೂ ಒಟ್ಟು ಅಂಕ ನೋಡುತ್ತಾ ಕೂರಬೇಡಿ. ಅವಳನ್ನು ಒಂಟಿಯಾಗಿ ಬಿಡದೆ, ಅವತ್ತೇ ವೈದ್ಯರಿಗೆ ತೋರಿಸಿ. ಮಾನಸಿಕ ಆರೋಗ್ಯದ ಸರಕಾರಿ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ.

ನಿದ್ದೆಯೇ ಇಲ್ಲದೆ ಸಂಬಂಧವಿಲ್ಲದ ಮಾತು, ಮಗುವಿನ ಮೇಲೇ ಅನುಮಾನ ಕಂಡರೆ ಅದು ಜನ ಬಾಣಂತಿ ಸನ್ನಿ ಅನ್ನುವ ತುರ್ತು ಕಾಯಿಲೆ. ಪ್ರಶ್ನಾವಳಿ ಪಕ್ಕಕ್ಕಿಟ್ಟು ನೇರ ಆಸ್ಪತ್ರೆಗೆ ಕಳಿಸಿ. ದೇವರು, ಗಾಳಿ ಅಂತ ತಡಮಾಡಲು ಬಿಡಬೇಡಿ.

ರಕ್ತಹೀನತೆ, ಥೈರಾಯ್ಡ್ ತೊಂದರೆಯಿಂದಲೂ ಖಿನ್ನತೆಯಂಥ ಲಕ್ಷಣ ಕಾಣಬಹುದು, ಹಾಗಾಗಿ ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಖಿನ್ನತೆಗೆ ಮಾತ್ರೆ ಬೇಕಾದರೂ ಹಾಲು ಬಿಡಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಹಾಲೂಡಿಸುವಾಗಲೂ ಕೊಡಬಹುದಾದ ಸರ್ಟ್ರಾಲಿನ್‌ನಂಥ ಔಷಧಿಗಳಿವೆ, ಅದನ್ನು ವೈದ್ಯರು ನಿರ್ಧರಿಸಲಿ.

ಅಂಕವನ್ನು ತಾಯಿ ಕಾರ್ಡಿನಲ್ಲಿ ಬರೆಯಬೇಡಿ, ಅದನ್ನು ಮನೆಯವರೆಲ್ಲ ನೋಡುತ್ತಾರೆ. ಕೇಂದ್ರದ ರಿಜಿಸ್ಟರಿನಲ್ಲಿಡಿ. ಕಾರ್ಡಿನಲ್ಲಿ ಮುಂದಿನ ಭೇಟಿಯ ದಿನಾಂಕ ಇದ್ದರೆ ಸಾಕು. ಆ ದಿನ ಅವಳು ಬಾರದಿದ್ದರೆ ಮರುದಿನವೇ ಆಶಾ ಕಾರ್ಯಕರ್ತೆ ಮನೆಗೆ ಹೋಗಲಿ.