ಕೆಂಪು ಬಣ್ಣದ ಉತ್ತರಗಳು

ಖನಿಜಗಳ ಜವಾಬ್ದಾರಿಯುತ ಖರೀದಿ ಎಂಬ ಕೆಲಸಕ್ಕೆ ನಾನು ಬಂದದ್ದು ಗಣಿಯ ದಾರಿಯಿಂದಲ್ಲ, ಎಕ್ಸೆಲ್ ಹಾಳೆಯ ದಾರಿಯಿಂದ. ಆಗ ವಿದ್ಯುನ್ಮಾನ ಉಪಕರಣಗಳನ್ನು ಜೋಡಿಸುವ ಕಂಪನಿಯೊಂದರ ಖರೀದಿ ವಿಭಾಗದಲ್ಲಿದ್ದೆ. 2010ರಲ್ಲಿ ಅಮೆರಿಕದಲ್ಲಿ ಡಾಡ್-ಫ್ರಾಂಕ್ ಎಂಬ ಹಣಕಾಸು ಸುಧಾರಣೆಯ ಕಾಯ್ದೆ ಬಂತು. ತವರ, ಟ್ಯಾಂಟಲಮ್, ಟಂಗ್‌ಸ್ಟನ್, ಚಿನ್ನ ಈ ನಾಲ್ಕರಲ್ಲಿ ಯಾವುದಾದರೂ ಕಾಂಗೋ ಮತ್ತು ಅದರ ನೆರೆಯ ದೇಶಗಳಿಂದ ಬಂದಿದೆಯೇ ಎಂದು ಅಲ್ಲಿನ ಷೇರುಪೇಟೆಯ ಕಂಪನಿಗಳು ವಿಚಾರಿಸಿ ತಿಳಿಸಬೇಕೆಂದು ಅದರ 1502ನೇ ಸೆಕ್ಷನ್ ಹೇಳಿತು. ಅಲ್ಲಿ ಗಣಿಯ ಹಣ ಬಂದೂಕು ಹಿಡಿದವರ ಕೈ ಸೇರುತ್ತಿತ್ತು ಎಂಬುದು ಕಾರಣ. ಗಿರಾಕಿಗಳು ನಮ್ಮನ್ನು ಕೇಳಿದರು, ನಾವು ನಮ್ಮ ಪೂರೈಕೆದಾರರನ್ನು ಕೇಳಿದೆವು, ಅವರು ತಮ್ಮವರನ್ನು ಕೇಳಿದರು.

ನೂರಾರು ಪ್ರಶ್ನಾವಳಿಗಳು ತುಂಬಿ ಬರತೊಡಗಿದಾಗ ನಾನೊಂದು ಜಾಣತನ ಮಾಡಿದೆ. ಲೋಹದ ಮೂಲ ಗೊತ್ತೇ ಎಂಬಂಥ ಪ್ರಶ್ನೆಗಳಿಗೆ ‘ಹೌದು’ ಎಂದರೆ ಹಸಿರು, ‘ಇಲ್ಲ’ ಅಥವಾ ‘ಗೊತ್ತಿಲ್ಲ’ ಎಂದರೆ ಕೆಂಪು. ಮೂರು ಕೆಂಪು ಬಿದ್ದ ಪೂರೈಕೆದಾರನ ಹೆಸರು ತಾನಾಗಿ ಖರೀದಿ ವ್ಯವಸ್ಥಾಪಕರ ಮೇಜಿಗೆ ಹೋಗುತ್ತಿತ್ತು. ಮೊದಲ ವರ್ಷ ಅರ್ಧ ಹಾಳೆ ಕೆಂಪಾಗಿತ್ತು. ಎರಡನೇ ವರ್ಷ ಬಹುತೇಕ ಹಸಿರು. ನನಗೆ ಶಾಬಾಸ್‌ಗಿರಿ ಸಿಕ್ಕಿತು.

ಆ ಹಸಿರಿನ ಬಣ್ಣ ಬಯಲಾದದ್ದು ಒಂದು ಸರ್ಕ್ಯೂಟ್ ಬೋರ್ಡಿನಿಂದ. ಅದನ್ನು ಕಳುಹಿಸುವವರು ‘ನಮ್ಮ ಉತ್ಪನ್ನದಲ್ಲಿ ತವರ ಇಲ್ಲ’ ಎಂದು ಬರೆದಿದ್ದರು. ಬೋರ್ಡು ನನ್ನ ಮೇಜಿನ ಮೇಲೆಯೇ ಇತ್ತು. ಬೆಳಕಿಗೆ ಹಿಡಿದರೆ ಬೆಸುಗೆಯ ಚುಕ್ಕೆಗಳು ಸಾಲುಸಾಲಾಗಿ ಹೊಳೆಯುತ್ತಿದ್ದವು. ಸೀಸರಹಿತ ಬೆಸುಗೆಯಲ್ಲಿ ಹೆಚ್ಚು ಬಳಕೆಯಲ್ಲಿರುವ ಮಿಶ್ರಲೋಹದಲ್ಲಿ ಶೇ 96.5ರಷ್ಟು ತವರ, ಶೇ 3ರಷ್ಟು ಬೆಳ್ಳಿ, ಉಳಿದದ್ದು ತಾಮ್ರ. ಅಂದರೆ ಬೆಸುಗೆ ಎಂಬುದೇ ತವರ. ಫೋನು ಮಾಡಿದೆ. ‘ತವರ ನಮ್ಮದಲ್ಲ ಸರ್, ಬೆಸುಗೆಯ ಪೇಸ್ಟ್ ಹೊರಗಿನಿಂದ ಕೊಳ್ಳುತ್ತೇವೆ’ ಎಂದರು. ಸ್ವಲ್ಪ ತಡೆದು, ‘ಇದೆ ಎಂದು ಬರೆದರೆ ಮೂಲ ಕೇಳುತ್ತೀರಿ, ಗೊತ್ತಿಲ್ಲ ಎಂದರೆ ನಿಮ್ಮಲ್ಲಿ ಕೆಂಪಾಗುತ್ತದಂತಲ್ಲ’ ಎಂದರು.

ಅವರು ಸುಳ್ಳುಗಾರರಲ್ಲ. ಸುಳ್ಳಿಗೆ ಬಹುಮಾನ ಇಟ್ಟವನು ನಾನು.

ಆಮೇಲೆ ಹಾಳೆಯನ್ನು ಬದಿಗಿಟ್ಟು ವಸ್ತುವಿನಿಂದ ಶುರುಮಾಡಿದೆ. ಪ್ರತಿ ಉತ್ಪನ್ನದ ಬಿಡಿಭಾಗಗಳ ಪಟ್ಟಿ ತೆಗೆದು ನಾಲ್ಕು ಲೋಹಗಳಲ್ಲಿ ಯಾವುದು ಎಲ್ಲಿದೆ ಎಂದು ಎಂಜಿನಿಯರುಗಳ ಜೊತೆ ಕುಳಿತು ಗುರುತು ಹಾಕಿದೆ: ಕೆಪಾಸಿಟರಿನಲ್ಲಿ ಟ್ಯಾಂಟಲಮ್, ಕನೆಕ್ಟರಿನ ತುದಿಯಲ್ಲಿ ಚಿನ್ನದ ಲೇಪ, ಫೋನನ್ನು ನಡುಗಿಸುವ ಪುಟ್ಟ ಮೋಟಾರಿನಲ್ಲಿ ಟಂಗ್‌ಸ್ಟನ್. ಬಳಿಕವಷ್ಟೇ ಉತ್ತರಗಳನ್ನು ಅದರ ಪಕ್ಕದಲ್ಲಿಟ್ಟು ನೋಡಿದೆ. ತಾಳೆಯಾಗದವು ರಾಶಿ ಬಿದ್ದವು. ಲೋಹ ಕರಗಿಸುವ ಘಟಕದ ಹೆಸರು ಕೇಳಿದ ಕಡೆ ದಲ್ಲಾಳಿಯ ಹೆಸರಿತ್ತು. ಒಂದೇ ಘಟಕ ಮೂರು ಕಾಗುಣಿತಗಳಲ್ಲಿ ಮೂರು ಘಟಕವಾಗಿತ್ತು. ತವರ ಮಾತ್ರ ಕರಗಿಸುವ ಕಡೆಯಿಂದ ಚಿನ್ನ ಬಂದಿತ್ತು!

ಇಡೀ ಸರಪಳಿಯಲ್ಲಿ ಹಿಡಿಯಬೇಕಾದ ಕುತ್ತಿಗೆ ಈ ಕರಗಿಸುವ ಘಟಕವೇ. ಅದರ ಹಿಂದೆ ಸಾವಿರಾರು ಗಣಿಗಳು, ಗುಂಡಿಗಳು, ಚೀಲ ಹೊರುವವರು. ಮುಂದೆ ಸಾವಿರಾರು ಕಾರ್ಖಾನೆಗಳು. ಕುಲುಮೆಯಲ್ಲಿ ಹತ್ತು ಕಡೆಯ ಅದಿರು ಕರಗಿ ಒಂದಾದ ಮೇಲೆ ಯಾವ ಪ್ರಯೋಗಾಲಯವೂ ಅದರ ಹುಟ್ಟೂರು ಹೇಳಲಾರದು. ಹಾಗಾಗಿ ಘಟಕದ ಬಾಗಿಲಲ್ಲೇ ಲೆಕ್ಕಪರಿಶೋಧಕ ನಿಲ್ಲಬೇಕು. ಖನಿಜ ಖರೀದಿಯ ಬಗ್ಗೆ ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ) 2011ರಲ್ಲಿ ತಂದ ಮಾರ್ಗಸೂಚಿಯ ಐದು ಹೆಜ್ಜೆಗಳಲ್ಲಿ ನಾಲ್ಕನೆಯದು ಇದೇ.

ಅದೇ ಮಾರ್ಗಸೂಚಿಯ ಇನ್ನೊಂದು ಮಾತು ನನಗೆ ತಡವಾಗಿ ಅರ್ಥವಾಯಿತು. ಅಪಾಯ ಕಂಡ ಕೂಡಲೇ ಸಂಬಂಧ ಕಡಿದುಕೊಳ್ಳಬೇಕೆಂದು ಅದು ಹೇಳುವುದಿಲ್ಲ. ಸರಿಪಡಿಸುತ್ತ ವ್ಯಾಪಾರ ಮುಂದುವರಿಸು, ಇಲ್ಲವೇ ತಾತ್ಕಾಲಿಕವಾಗಿ ನಿಲ್ಲಿಸು. ಸಶಸ್ತ್ರ ಗುಂಪಿಗೆ ನೆರವು, ಬಲವಂತದ ದುಡಿಮೆಯಂಥ ಗಂಭೀರ ಸಂಗತಿಗಳಿದ್ದರೆ ಕೂಡಲೇ ನಿಲ್ಲಿಸು ಅಥವಾ ಬಿಡು, ಉಳಿದ ಕಡೆ ಸರಿಪಡಿಸುವ ಯತ್ನ ಸೋತರೆ ಬಿಡು ಎನ್ನುತ್ತದೆ. 2010ರ ಸೆಪ್ಟೆಂಬರಿನಲ್ಲಿ ಕಾಂಗೋ ಸರ್ಕಾರ ಪೂರ್ವದ ಮೂರು ಪ್ರಾಂತ್ಯಗಳಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತ್ತು. 2011ರ ಮಾರ್ಚಿನಲ್ಲಿ ನಿಷೇಧ ತೆರವಾದರೂ ‘ಯಾಕೆ ಬೇಕು ತಲೆನೋವು’ ಎಂದು ಅನೇಕ ಕೊಳ್ಳುಗರು ಆ ಕಡೆ ತಿರುಗಿ ನೋಡಲಿಲ್ಲ. ಕೈಗುದ್ದಲಿಯಲ್ಲಿ ಅಗೆದು ಬದುಕುವವರ ಅನ್ನ ಹೋಯಿತು. ನಮ್ಮ ಕಚೇರಿಯಲ್ಲೂ ನಡೆದದ್ದು ಇದರ ಮರಿ. ‘ನಮ್ಮ ತವರದ ಎರಡು ಮೂಲ ಇನ್ನೂ ಗೊತ್ತಾಗಿಲ್ಲ, ಹುಡುಕುತ್ತಿದ್ದೇವೆ’ ಎಂದು ನಿಜ ಬರೆದಿದ್ದ ಒಬ್ಬನೇ ಪೂರೈಕೆದಾರನನ್ನು ನನ್ನ ಕೆಂಪು ಬಣ್ಣ ನೋಡಿ ಕೈಬಿಡಲಾಯಿತು. ಅದನ್ನು ತಡೆಯುವಷ್ಟು ಧೈರ್ಯ ಆಗ ನನಗಿರಲಿಲ್ಲ.

ಕೆಲವು ವರ್ಷಗಳ ನಂತರ ಮೇಜಿನ ಆಚೆ ಬದಿಗೆ ಹೋದೆ. ತಾಮ್ರದ ಗಣಿಯೊಂದರಲ್ಲಿ, ಮಾಲು ಗೇಟು ದಾಟಿದ ಮೇಲೂ ಅದರ ಹೊಣೆ ನೋಡಿಕೊಳ್ಳುವ ಕೆಲಸ. ನಮ್ಮದು ಹಿಟ್ಟಿನಷ್ಟು ನುಣ್ಣಗಿನ, ತೇವದ ಸಾಂದ್ರ ಅದಿರು, ಅಂದರೆ ಅದಿರನ್ನು ಪುಡಿಮಾಡಿ ಬೇಡದ ಕಲ್ಲು ಬೇರ್ಪಡಿಸಿದ್ದು. ನೋಡಲು ಕಪ್ಪು ಮಣ್ಣು, ತೀರ ಸಾಧು. ಆದರೆ ಸಲ್ಫೈಡ್ (ಗಂಧಕದ ಸಂಯುಕ್ತ) ಇರುವುದರಿಂದ ರಾಶಿ ಹಾಕಿದರೆ ತಾನೇ ಬಿಸಿಯಾಗಬಲ್ಲದು, ಮುಚ್ಚಿದ ಹಡಗಿನ ಒಡಲಲ್ಲಿ ಆಮ್ಲಜನಕವನ್ನು ನುಂಗುತ್ತದೆ. ಗಾಳಿ ಪರೀಕ್ಷಿಸದೆ ಒಳಗಿಳಿದವನು ಮೇಲೆ ಬರುವುದಿಲ್ಲ. ತೇವ ಮಿತಿ ಮೀರಿದ್ದರೆ ಅಲೆಗಳ ಕುಲುಕಾಟಕ್ಕೆ ಗಟ್ಟಿ ರಾಶಿ ಗಂಜಿಯಾಗಿ ಒಂದು ಬದಿಗೆ ಹರಿದು ಹಡಗನ್ನೇ ಮಗುಚುತ್ತದೆ. 2015ರ ಜನವರಿಯಲ್ಲಿ ಬಾಕ್ಸೈಟ್ ಹೊತ್ತ ‘ಬಲ್ಕ್ ಜುಪಿಟರ್’ ಮುಳುಗಿದಾಗ 19 ಜನರಲ್ಲಿ ಬದುಕಿದವನು ಒಬ್ಬ.

ಒಮ್ಮೆ ಎರಡು ರಾತ್ರಿ ಮಳೆ ಸುರಿದಿತ್ತು. ತೇವಾಂಶದ ಪ್ರಮಾಣಪತ್ರ ನಾಲ್ಕು ದಿನ ಹಳೆಯದು. ನಿಯಮದ ಏಳು ದಿನದೊಳಗಿನದಾದ್ದರಿಂದ ದಿನಾಂಕದ ಲೆಕ್ಕಕ್ಕೆ ಕಾಗದ ಸರಿಯಾಗಿಯೇ ಇತ್ತು. ಲೀಟರಿನ ಒಂದು ತಗಡಿನ ಡಬ್ಬಿಯಲ್ಲಿ ಅರ್ಧದಷ್ಟು ಅದಿರು ತುಂಬಿ, ಗೇಣೆತ್ತರದಿಂದ ಗಟ್ಟಿ ಮೇಜಿಗೆ ಕುಟ್ಟಿದೆ. ನಿಯಮದ ಪ್ರಕಾರ ಇಪ್ಪತ್ತೈದು ಬಾರಿ, ಒಂದೆರಡು ಸೆಕೆಂಡಿಗೊಮ್ಮೆ. ಹದಿನೈದರ ಹೊತ್ತಿಗೆ ಮೇಲ್ಮೈ ನಯವಾಯಿತು. ಇಪ್ಪತ್ತಕ್ಕೆ ಅಂಚಿನಲ್ಲಿ ನೀರಿನ ಗೆರೆ. ಇಪ್ಪತ್ತೈದಕ್ಕೆ ಡಬ್ಬಿ ಓರೆ ಮಾಡಿದರೆ ಅದಿರು ನಿಧಾನವಾಗಿ ಜಾರಿತು. (ನೀರು ಕಾಣದಿದ್ದರೆ ಮಾಲು ಕ್ಷೇಮ ಎಂದಲ್ಲ; ಈ ಪರೀಕ್ಷೆ ಅಪಾಯವನ್ನು ತೋರಿಸಬಲ್ಲದು, ಅಭಯ ಕೊಡಲಾರದು.) ಲೋಡಿಂಗ್ ನಿಲ್ಲಿಸಿ ಹೊಸ ಮಾದರಿ ಕಳುಹಿಸಿದೆವು. ತೇವ ಮಿತಿಗಿಂತ ಮೇಲಿತ್ತು. ಹಡಗು ಕಾದ ಪ್ರತಿ ದಿನಕ್ಕೂ ಕಂಪನಿ ದಂಡ ಕಟ್ಟಿತು, ಮಾರಾಟದವರು ನನ್ನೊಡನೆ ಮಾತು ಬಿಟ್ಟರು.

ಆ ವರ್ಷವೇ ಗಿರಾಕಿಯೊಬ್ಬರ ಪ್ರಶ್ನಾವಳಿ ಬಂತು. ‘ನಿಮ್ಮ ಉತ್ಪನ್ನ ಅಂತಿಮ ಬಳಕೆಯವರೆಗೆ ಎಲ್ಲಿ ಹೋಗುತ್ತದೆ ಎಂದು ಬಲ್ಲಿರಾ?’ ‘ಇಲ್ಲ’ ಎಂದು ಗುರುತು ಹಾಕಿ, ಕರಗಿಸುವ ಘಟಕದವರೆಗೆ ಗೊತ್ತು, ಅಲ್ಲಿಂದಾಚೆ ಬೇರೆಯವರ ಅದಿರಿನೊಡನೆ ಬೆರೆಯುತ್ತದೆ ಎಂದು ಕೆಳಗೆ ಬರೆದೆ. ಮರುದಿನ ಫೋನು. ಹೊಸದಾಗಿ ಸೇರಿದ ಹುಡುಗಿ.

‘ಸರ್, ಅದೊಂದನ್ನು ಹೌದು ಎಂದು ತಿದ್ದಿ ಕಳುಹಿಸುತ್ತೀರಾ? ಇಲ್ಲಿ ಕೆಂಪು ತೋರಿಸುತ್ತಿದೆ.’

‘ತೋರಿಸಲಿ ಅಮ್ಮ.’

‘ಮೂರಾದರೆ ವ್ಯವಸ್ಥಾಪಕರಿಗೆ ಹೋಗುತ್ತದೆ ಸರ್.’

‘ಗೊತ್ತು’ ಎಂದೆ.