ಆರೈಕೆ ಕೇಂದ್ರ ಆರಿಸುವಾಗ ಹೂದೋಟ ಬಿಡಿ, ಹಿಮ್ಮಡಿ ನೋಡಿ

ನಮ್ಮ ದೊಡ್ಡಪ್ಪನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಎರಡೂ ಬಿದ್ದುಹೋದವು. ಐದು ತಿಂಗಳು ದೊಡ್ಡಮ್ಮನೇ ನೋಡಿಕೊಂಡರು. ಎತ್ತಿ, ಇಳಿಸಿ, ಕೊನೆಗೆ ಅವರ ಸೊಂಟವೂ ಕೈಕೊಟ್ಟಿತು. ಮಗ ನ್ಯೂಜೆರ್ಸಿಯಲ್ಲಿ, ಮಗಳು ಪುಣೆಯಲ್ಲಿ. ಬೆಂಗಳೂರಿನಲ್ಲಿ ಇದ್ದವಳು ನಾನೊಬ್ಬಳೇ. ಹಾಗಾಗಿ ಕೇಂದ್ರ ಹುಡುಕುವ ಕೆಲಸ ನನ್ನ ಕೊರಳಿಗೆ ಬಿತ್ತು.

ಮೊದಲು ನೋಡಿದ ಜಾಗಕ್ಕೇ ನಾನು ಮರುಳಾದೆ. ಗೇಟಿನೊಳಗೆ ಹೂದೋಟ, ಹಾಲ್‌ನಲ್ಲಿ ಗೋಡೆಯಷ್ಟಗಲದ ಟೀವಿ, ಸಂಜೆ ಭಜನೆ. ಮ್ಯಾನೇಜರ್ ಮಾತಂತೂ ಬೆಣ್ಣೆ. ಮೂರನೇ ವಾರ ದೊಡ್ಡಪ್ಪನ ಬಲಗಾಲಿನ ಸಾಕ್ಸ್ ತೆಗೆದು ನೋಡಿದರೆ ಹಿಮ್ಮಡಿಯಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಅಗಲದ ಕಪ್ಪು ಕಲೆ. ಬೆಡ್ ಸೋರ್, ಅಂದರೆ ಮಲಗಿದಲ್ಲೇ ಮಲಗಿ ಆಗುವ ಹುಣ್ಣು. ಆ ಸಾಕ್ಸ್ ತೆಗೆಯದೆ ಎಷ್ಟು ದಿನವಾಗಿತ್ತೋ! ಎರಡನೇ ಸಲ ಹುಡುಕಲು ಹೊರಟಾಗ ನಾನು ನೋಡುವ ರೀತಿಯೇ ಬದಲಾಗಿತ್ತು. ಇಲ್ಲಿ ಹೇಳುತ್ತಿರುವುದು ಆ ಎರಡನೇ ಸುತ್ತಿನ ಕಥೆ.

ಹೆಜ್ಜೆ 1: ನಿಮ್ಮವರಿಗೆ ಏನು ಬೇಕು, ಬರೆದುಕೊಳ್ಳಿ

ನಮ್ಮ ಕಡೆ ನರ್ಸಿಂಗ್ ಹೋಮ್ ಅಂದರೆ ಹೆರಿಗೆಗೋ ಹರ್ನಿಯಾ ಆಪರೇಷನ್‌ಗೋ ಹೋಗುವ ಸಣ್ಣ ಆಸ್ಪತ್ರೆ. ಅಮೆರಿಕದವರು ಅದೇ ಹೆಸರಿನಿಂದ ಕರೆಯುವುದು ವಯಸ್ಸಾದವರು ತಿಂಗಳುಗಟ್ಟಲೆ ಇರುವ ಜಾಗವನ್ನು. ಇಲ್ಲಿ ಅದಕ್ಕೆ ಒಂದೇ ಹೆಸರಿಲ್ಲ. ವೃದ್ಧಾಶ್ರಮ, ಅಸಿಸ್ಟೆಡ್ ಲಿವಿಂಗ್, ಎಲ್ಡರ್ ಕೇರ್, ಡಿಮೆನ್ಷಿಯಾ ಕೇರ್, ಹೀಗೆ ಬೋರ್ಡಿನ ಮೇಲೆ ಏನೇನೋ ಇರುತ್ತದೆ. ಎಷ್ಟೋ ವೃದ್ಧಾಶ್ರಮಗಳು ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರನ್ನು ಮಾತ್ರ ಸೇರಿಸಿಕೊಳ್ಳುತ್ತವೆ. ಹಾಸಿಗೆ ಹಿಡಿದ ದಿನ ‘ಕರೆದುಕೊಂಡು ಹೋಗಿ’ ಎಂದು ಫೋನ್ ಬರುತ್ತದೆ.

ಆದ್ದರಿಂದ ಬೋರ್ಡ್ ಓದುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ತಾವೇ ಊಟ ಮಾಡುತ್ತಾರಾ? ಬಾತ್‌ರೂಮಿಗೆ ಎಷ್ಟು ಜನ ಹಿಡಿಯಬೇಕು? ಡೈಪರ್ ಇದೆಯಾ, ಮೂತ್ರಕ್ಕೆ ಪೈಪ್ ಹಾಕಿದೆಯಾ, ಮೂಗಿನ ರೈಲ್ಸ್ ಟ್ಯೂಬಿನಿಂದ ಊಟವಾ? ರಾತ್ರಿ ಎದ್ದು ಓಡಾಡುತ್ತಾರಾ? ಇನ್ಸುಲಿನ್ ಯಾವ ಹೊತ್ತಿಗೆ? ಈ ಹಾಳೆಯನ್ನು ಮ್ಯಾನೇಜರ್ ಮುಂದಿಟ್ಟು, ‘ಇದರಲ್ಲಿ ನಿಮ್ಮಿಂದ ಆಗದ್ದು ಯಾವುದು?’ ಎಂದು ಕೇಳಿ. ‘ಎಲ್ಲಾ ಆಗುತ್ತೆ ಮೇಡಂ’ ಎಂದು ಹಾಳೆ ಓದದೆಯೇ ಹೇಳಿದವರ ಬಗ್ಗೆ ನನಗೆ ಈಗ ಅನುಮಾನ. ಎರಡನೇ ಕೇಂದ್ರದ ಸಿಸ್ಟರ್ ಹಾಳೆಯನ್ನು ಎರಡು ಸಲ ಓದಿ, ‘ಸ್ಪೀಚ್ ಥೆರಪಿಸ್ಟ್ ನಮ್ಮಲ್ಲಿಲ್ಲ, ನೀವೇ ಕರೆಸಬೇಕಾಗುತ್ತೆ’ ಎಂದರು. ಅಲ್ಲೇ ಅರ್ಧ ನಂಬಿಕೆ ಬಂತು.

ಹೆಜ್ಜೆ 2: ಕಾಗದಪತ್ರ

ಇದನ್ನು ಬೇಗ ಮುಗಿಸಿ. ವೈದ್ಯಕೀಯ ಚಿಕಿತ್ಸೆ ಕೊಡುತ್ತೇವೆ ಎನ್ನುವ ಜಾಗವಾದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರಡಿ ಆಗಿರುವ ನೋಂದಣಿಯನ್ನು ತೋರಿಸಿ ಎನ್ನಿ. ಬರೀ ವಸತಿ, ಊಟ, ಆರೈಕೆ ಎಂದರೆ ಯಾವ ಟ್ರಸ್ಟ್, ಯಾವ ಕಂಪನಿ ನಡೆಸುತ್ತಿದೆ ಎಂದು ಕೇಳಿ. ತುರ್ತಿನಲ್ಲಿ ಯಾವ ಆಸ್ಪತ್ರೆಗೆ ಸೇರಿಸುತ್ತಾರೆ, ಡಾಕ್ಟರ್ ವಾರಕ್ಕೆ ಎಷ್ಟು ಸಲ ಬರುತ್ತಾರೆ ಎಂಬುದನ್ನೂ ಬರೆಸಿಕೊಳ್ಳಿ.

ನ್ಯೂಜೆರ್ಸಿಯ ಅಣ್ಣ ಫೋನ್‌ನಲ್ಲಿ ಮೊದಲು ಕೇಳಿದ್ದು, ‘ಅದರ ರೇಟಿಂಗ್ ಎಷ್ಟು?’ ಅಲ್ಲಿ ಸರ್ಕಾರಿ ವಿಮೆಯ ಮಾನ್ಯತೆ ಇರುವ ನರ್ಸಿಂಗ್ ಹೋಮ್‌ಗಳಿಗೆ 2008ರಿಂದ ಸರ್ಕಾರವೇ ಒಂದರಿಂದ ಐದು ನಕ್ಷತ್ರ ಕೊಡುತ್ತಿದೆ. ತಪಾಸಣೆಯ ವರದಿ, ಸಿಬ್ಬಂದಿ ಸಂಖ್ಯೆ ಎಲ್ಲವನ್ನೂ ಮನೆಯಲ್ಲೇ ಕೂತು ಓದಬಹುದು. ನಮಗೆ ಸಿಗುವುದು ಗೂಗಲ್‌ನ ನಕ್ಷತ್ರ. ಅದನ್ನು ಕೊಡುವವರು ಭಾನುವಾರ ಅರ್ಧ ಗಂಟೆ ಬಂದು ಹೋಗುವ ನನ್ನಂಥವರು. ಹಾಸಿಗೆಯಲ್ಲಿ ಮಲಗಿದವರು ರಿವ್ಯೂ ಬರೆಯುವುದಿಲ್ಲ.

ಹೆಜ್ಜೆ 3: ಮೂರು ಸಲ ಹೋಗಿ, ಎರಡು ಸಲ ಹೇಳದೆ ಹೋಗಿ

ಮೊದಲ ಸಲ ಅವರು ಕೊಟ್ಟ ಸಮಯಕ್ಕೆ. ಎರಡನೇ ಸಲ ಮಧ್ಯಾಹ್ನದ ಊಟದ ಹೊತ್ತಿಗೆ. ಮೂರನೇ ಸಲ ಸಂಜೆ ಏಳರ ಮೇಲೆ, ಆಗುವುದಾದರೆ ಭಾನುವಾರವೇ. ಮರೆವಿನ ಕಾಯಿಲೆಯವರಿಗೆ ಹೊತ್ತು ಮುಳುಗುತ್ತಿದ್ದಂತೆ ಕಳವಳ ಹೆಚ್ಚುತ್ತದೆ. ಹಗಲಿನ ಸಿಬ್ಬಂದಿ ಮನೆಗೆ ಹೊರಡುವ ಹೊತ್ತೂ ಅದೇ. ಒಂದು ಕೇಂದ್ರದ ಬಂಡವಾಳ ಗೊತ್ತಾಗುವುದು ಆಗ. ಹೇಳದೆ ಬಂದವರನ್ನು ಒಳಗೇ ಬಿಡದಿದ್ದರೆ ಕಾರಣ ಕೇಳಿ. ಊಟ, ಸ್ನಾನದ ಹೊತ್ತಿನಲ್ಲಿ ‘ಹತ್ತು ನಿಮಿಷ ಕೂತಿರಿ’ ಎಂದರೆ ಸರಿ. ‘ನಾಳೆ ಬನ್ನಿ’ ಎಂದರೆ ಅದೇ ಉತ್ತರ.

ಮೂಗನ್ನು ನಂಬಿ. ಒಂದು ರೂಮಿನಲ್ಲಿ ಮೂತ್ರದ ವಾಸನೆ ಬಂದರೆ ಈಗಷ್ಟೇ ಆಗಿರಬಹುದು, ಮನೆಯಲ್ಲೂ ಆಗುತ್ತದೆ. ಕಾರಿಡಾರಿನುದ್ದಕ್ಕೂ ಬಂದರೆ ಡೈಪರ್ ಬದಲಿಸುವುದು ಗಡಿಯಾರ ನೋಡಿ, ಒದ್ದೆ ನೋಡಿ ಅಲ್ಲ ಎಂದರ್ಥ. ಕಣ್ಣು ಉರಿಯುವಷ್ಟು ಫಿನಾಯಿಲ್ ಹೊಡೆದಿದ್ದರೂ ಕೇಳಬೇಕು: ಏನನ್ನು ಮುಚ್ಚುತ್ತಿದ್ದಾರೆ?

ಕಿವಿಯನ್ನೂ ತೆರೆದಿಡಿ. ಬೆಲ್ ಒತ್ತಿದ ಮೇಲೆ ಯಾರಾದರೂ ಬರಲು ಎಷ್ಟು ಹೊತ್ತು ಹಿಡಿಯಿತು, ಫೋನ್‌ನಲ್ಲಿ ಸಮಯ ನೋಡಿಕೊಳ್ಳಿ. ಅಲ್ಲಿರುವವರನ್ನು ಹೇಗೆ ಕರೆಯುತ್ತಾರೆ ಕೇಳಿಸಿಕೊಳ್ಳಿ. ‘ಏಳನೇ ಬೆಡ್‌ಗೆ ಊಟ ಆಯ್ತಾ?’ ಎನ್ನುವ ಜಾಗಕ್ಕೂ ‘ಸರೋಜಜ್ಜಿ ಉಂಡ್ರಾ?’ ಎನ್ನುವ ಜಾಗಕ್ಕೂ ಬಹಳ ಅಂತರ.

ಹೆಜ್ಜೆ 4: ಮೈ ನೋಡಿ

ಅತಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಬಾಯಿ ಬರುವವರು ಹೇಗೋ ಕೇಳಿ ಪಡೆಯುತ್ತಾರೆ. ನೀವು ನೋಡಬೇಕಾದದ್ದು ಆ ಮನೆಯಲ್ಲಿ ಎಲ್ಲರಿಗಿಂತ ಸುಮ್ಮನಿರುವವರನ್ನು. ಬೇರೆಯವರ ಮೈ ಮುಟ್ಟಿ ಪರೀಕ್ಷಿಸಲಾಗದು, ಆದರೆ ಉಗುರು, ತುಟಿ, ಕನ್ನಡಕದ ಗಾಜು ದೂರದಿಂದಲೇ ಕಾಣುತ್ತವೆ. ಉಗುರಿನಲ್ಲಿ ಕೊಳೆ, ತುಟಿ ಬಿರುಕು, ಮೂರು ದಿನದ ಗಡ್ಡ, ಬೇರೆಯವರ ಷರ್ಟು. ಕಿವಿಯ ಮಿಷನ್ ಡ್ರಾಯರಿನಲ್ಲಿ, ಹಲ್ಲಿನ ಸೆಟ್ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಇವುಗಳಲ್ಲಿ ಒಂದಿದ್ದರೆ ಬಿಡಿ, ಮೂರು ಒಟ್ಟಿಗೆ ಕಂಡರೆ ಮುಂದಿನ ಕೇಂದ್ರಕ್ಕೆ ಹೊರಡಿ.

ನಿಮ್ಮವರನ್ನು ಸೇರಿಸಿದ ಮೇಲೆ ಮಾತ್ರ ಪ್ರತಿ ಭೇಟಿಯಲ್ಲೂ ನಾಲ್ಕು ಜಾಗ ನೋಡಲೇಬೇಕು: ಹಿಮ್ಮಡಿ, ಬೆನ್ನಿನ ಬುಡ, ಸೊಂಟದ ಎರಡು ಮಗ್ಗುಲು, ಮೊಣಕೈ. ಮೂಳೆಗೂ ಹಾಸಿಗೆಗೂ ನಡುವೆ ಚರ್ಮ ಸಿಕ್ಕಿ, ರಕ್ತ ಹರಿಯದೆ, ಅಲ್ಲಿ ಹುಣ್ಣು ಶುರುವಾಗುತ್ತದೆ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಹುಣ್ಣಿನ ಮೊದಲ ಹಂತ. ನಮ್ಮ ಕಪ್ಪು ಮೈಗೆ ಕೆಂಪು ಎದ್ದು ಕಾಣುವುದಿಲ್ಲ. ಅಂಗೈ ಹಿಂಬದಿಯಿಂದ ಮುಟ್ಟಿದರೆ ಅಕ್ಕಪಕ್ಕಕ್ಕಿಂತ ಬಿಸಿಯಾಗಿಯೋ ಗಟ್ಟಿಯಾಗಿಯೋ ಇರುತ್ತದೆ.

ತಾವೇ ಹೊರಳಲಾಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವುದು ರೂಢಿ. ಅದಕ್ಕೊಂದು ಚಾರ್ಟ್ ಇರುತ್ತದೆ, ಕೇಳಿ ನೋಡಿ. ಮೊದಲ ಕೇಂದ್ರದಲ್ಲಿ ನಾನು ಸಂಜೆ ನಾಲ್ಕಕ್ಕೆ ಚಾರ್ಟ್ ಕೇಳಿದೆ. ರಾತ್ರಿ ಎಂಟರವರೆಗೂ ಟಿಕ್ ಬಿದ್ದಿತ್ತು, ಎಲ್ಲಾ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ! ಔಷಧದ ಚಾರ್ಟನ್ನೂ ಇದೇ ಕಣ್ಣಿನಿಂದ ನೋಡಿ. ಏರ್ ಬೆಡ್ ಇದೆ ಎಂದು ತೋರಿಸಿದರೆ ಬಗ್ಗಿ ಪಂಪಿನ ಸ್ವಿಚ್ ನೋಡಿ. ಗಾಳಿ ಇಲ್ಲದ ಏರ್ ಬೆಡ್ ಬರೀ ಪ್ಲಾಸ್ಟಿಕ್ ಚಾಪೆ.

ಹೆಜ್ಜೆ 5: ಲೋಟ ಎಲ್ಲಿದೆ?

ದೊಡ್ಡಪ್ಪನ ಬಲಗೈ ಆಡದು. ನೀರಿನ ಲೋಟ ಯಾವಾಗಲೂ ಬಲಗಡೆಯ ಟೇಬಲ್ ಮೇಲೆ. ತುಂಬಿದ ಲೋಟ ತುಂಬಿದ ಹಾಗೇ ಇರುತ್ತಿತ್ತು, ‘ತಾತ ನೀರೇ ಕುಡಿಯಲ್ಲ’ ಎಂದು ದೂರು ಬೇರೆ. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದೇ ಕಮ್ಮಿ. ಕೈಗೆಟುಕುವಲ್ಲಿ ಇಟ್ಟು, ಗಂಟೆಗೊಮ್ಮೆ ನೆನಪಿಸಿ ಎರಡು ಗುಟುಕು ಕುಡಿಸಬೇಕು. ಮೂತ್ರದ ಚೀಲ ಇದ್ದವರಿಗೆ ಅದರ ಬಣ್ಣವೇ ಸುಳಿವು ಕೊಡುತ್ತದೆ. ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ತಡಮಾಡದೆ ಕೇಳಿ.

ಊಟದ ಮೆನು ನೋಡಬೇಡಿ, ಊಟ ಮಾಡಿಸುವುದನ್ನು ನೋಡಿ. ಕೂರಿಸಿ ಉಣಿಸುತ್ತಾರಾ, ಮಲಗಿದಲ್ಲೇ ತುರುಕುತ್ತಾರಾ? ಒಬ್ಬ ಆಯಾ ಎಷ್ಟು ಜನರಿಗೆ ತಿನ್ನಿಸುತ್ತಾಳೆ? ಟ್ಯೂಬಿನಿಂದ ಕೊಡುವಾಗ ತಲೆಯ ಕಡೆಯನ್ನು 30ರಿಂದ 45 ಡಿಗ್ರಿ ಎತ್ತಿರಬೇಕು. ಮುಗಿದ ಮೇಲೂ ಅರ್ಧ ಗಂಟೆಯಾದರೂ ಹಾಗೇ ಇರಬೇಕು. ಇಲ್ಲವಾದರೆ ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ತಿಂಗಳಿಗೊಮ್ಮೆ ತೂಕ ಬರೆಸಿ. ತಿಂಗಳಲ್ಲಿ ಶೇ 5ರಷ್ಟು, ಅಂದರೆ 60 ಕೆ.ಜಿ. ಇದ್ದವರು 3 ಕೆ.ಜಿ. ಇಳಿದರೆ ‘ವಯಸ್ಸಾಯ್ತಲ್ಲ’ ಎಂಬ ಉತ್ತರ ಒಪ್ಪಬೇಡಿ.

ಹೆಜ್ಜೆ 6: ಮ್ಯಾನೇಜರ್ ಬಿಟ್ಟು ಆಯಾ ಜೊತೆ ಮಾತಾಡಿ

‘ಎಷ್ಟು ವರ್ಷ ಆಯ್ತಮ್ಮಾ ಇಲ್ಲಿ?’ ಇದೊಂದು ಪ್ರಶ್ನೆ ಸಾಕು. ಮೂವರನ್ನು ಕೇಳಿ, ಮೂವರೂ ಬಂದು ತಿಂಗಳಾಗಿದ್ದರೆ ಅಲ್ಲಿ ಕೆಲಸದವರು ನಿಲ್ಲುತ್ತಿಲ್ಲ. ರಾತ್ರಿ ಎಷ್ಟು ಜನ ಎಚ್ಚರವಿರುತ್ತಾರೆ, ಅವರಲ್ಲಿ ತರಬೇತಾದ ನರ್ಸ್ ಎಷ್ಟು ಎಂದು ಬಿಡಿಸಿ ಕೇಳಿ. ‘ಸ್ಟಾಫ್ ಇಪ್ಪತ್ತು ಜನ’ ಎನ್ನುವುದರಲ್ಲಿ ಅಡುಗೆಯವರು, ಡ್ರೈವರು, ಮಾಲಿ ಎಲ್ಲರೂ ಸೇರಿರುತ್ತಾರೆ.

ಭಾಷೆಯದ್ದು ಬೇರೆಯೇ ಪಾಡು. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಒಡಿಶಾ, ಜಾರ್ಖಂಡ್, ಅಸ್ಸಾಮಿನಿಂದ ಬಂದ ಹುಡುಗಿಯರು ಬಹಳ. ಕೈ ಮೃದು, ತಾಳ್ಮೆ ನನಗಿಂತ ಹೆಚ್ಚು. ಆದರೆ ಹಾಸನದ ಅಜ್ಜಿ ‘ಹೊಟ್ಟೆ ತೊಳಸ್ತಿದೆ’ ಎಂದರೆ ಏನು ತಿಳಿದೀತು? ಎರಡನೇ ಕೇಂದ್ರದಲ್ಲಿ ಒಡಿಶಾದ ಒಬ್ಬಳು ನೀರು, ನೋವು, ಚಳಿ, ಕಕ್ಕಸು ಎಂಬ ಪದಗಳನ್ನು ಹಿಂದಿ ಅಕ್ಷರದಲ್ಲಿ ಬರೆದು ಮಂಚದ ತಲೆಗೆ ಅಂಟಿಸಿಕೊಂಡಿದ್ದಳು.

ಕಟ್ಟಿಹಾಕುವುದು, ನಿದ್ದೆ ಮಾತ್ರೆ: ಇವೆರಡನ್ನೂ ನೇರವಾಗಿ ಕೇಳಿ. ‘ಬೀಳ್ತಾರೆ’ ಎಂದು ಕೈಯನ್ನು ಮಂಚಕ್ಕೆ ಬಟ್ಟೆಯಿಂದ ಕಟ್ಟುವುದುಂಟು. ಕೆಲಸದವರ ಅನುಕೂಲಕ್ಕಾಗಿ ಹೀಗೆ ಕಟ್ಟುವುದನ್ನೂ ಮಾತ್ರೆ ಕೊಟ್ಟು ಮಲಗಿಸುವುದನ್ನೂ ಅಮೆರಿಕ 1987ರ ಕಾನೂನಿನಲ್ಲೇ ತಡೆದಿದೆ. ಮರೆವಿನ ಕಾಯಿಲೆಯ ಹಿರಿಯರಿಗೆ ಮನೋರೋಗದ ಕೆಲವು ಮಾತ್ರೆಗಳು ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಲ್ಲಿನ ಔಷಧ ಇಲಾಖೆ 2005ರಲ್ಲಿ ಎಚ್ಚರಿಸಿತ್ತು. ‘ನಿಮ್ಮ ಅಜ್ಜಿ ತುಂಬಾ ಸಮಾಧಾನ, ಇಡೀ ದಿನ ನಿದ್ದೆ’ ಎಂದರೆ ಖುಷಿಪಡುವ ಮೊದಲು ಮಾತ್ರೆಯ ಹೆಸರು ಕೇಳಿ. ಯಾವ ಡಾಕ್ಟರ್ ಬರೆದರು, ಯಾವಾಗಿನಿಂದ, ನಿಲ್ಲಿಸುವುದು ಯಾವಾಗ ಎಂದೂ ಕೇಳಿ.

ಹೆಜ್ಜೆ 7: ದುಡ್ಡಿನ ಮಾತು

ಅಗ್ರಿಮೆಂಟನ್ನು ಮನೆಗೆ ತಂದು ಓದಿ. ತಿಂಗಳ ಮೊತ್ತದ ಮೇಲೆ ಡೈಪರ್, ಫಿಸಿಯೊ, ಆಕ್ಸಿಜನ್, ಡಾಕ್ಟರ್ ಭೇಟಿ ಎಲ್ಲಾ ಬೇರೆ ಬೀಳುತ್ತದಾ? ಆಸ್ಪತ್ರೆಯಲ್ಲಿದ್ದ ದಿನಗಳಿಗೂ ಪೂರ್ತಿ ಕೊಡಬೇಕಾ, ಅಲ್ಲಿ ಜೊತೆಗೆ ಕೂರುವವರು ಯಾರು? ಮಧ್ಯದಲ್ಲಿ ಬಿಟ್ಟರೆ ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್? ನನಗೆ ಮೊದಲ ಕೇಂದ್ರದಿಂದ ಇನ್ನೂ ಅರ್ಧ ಬಂದಿಲ್ಲ.

ದೂರು ಕೊಡಬೇಕಾದರೆ ಮೊದಲು ಬರಹದಲ್ಲಿ, ದಿನಾಂಕ ಹಾಕಿ, ಫೋಟೊ ಸಮೇತ ಕೇಂದ್ರಕ್ಕೇ ಕೊಡಿ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಇರುತ್ತದೆ. ಜಿಲ್ಲೆಯಲ್ಲಿ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಗೂ ಹೋಗಬಹುದು.

ನೆಂಟರು ‘ಹಾಕಿಬಿಟ್ಟರಂತೆ’ ಎನ್ನುತ್ತಾರೆ, ಎನ್ನಲಿ. ಭೇಟಿಯ ದಿನ ಮಾತ್ರ ಬದಲಿಸುತ್ತಿರಿ. ನಾನೀಗ ಒಂದು ವಾರ ಮಂಗಳವಾರ ಮಧ್ಯಾಹ್ನ ಹೋದರೆ ಇನ್ನೊಂದು ವಾರ ಶನಿವಾರ ರಾತ್ರಿ ಹೋಗುತ್ತೇನೆ. ಲೋಟ ಎಡಗಡೆಗೆ ಬಂದಿದೆ. ಆ ಒಡಿಶಾದ ಹುಡುಗಿ ನನ್ನನ್ನು ಬಾಗಿಲಲ್ಲಿ ಕಂಡರೆ ಸಾಕು, ನಾನು ಚಪ್ಪಲಿ ಬಿಡುವುದರೊಳಗೆ ದೊಡ್ಡಪ್ಪನ ಸಾಕ್ಸ್ ತೆಗೆದು, ಕಾಲನ್ನು ದಿಂಬಿನ ಮೇಲಿಟ್ಟು, ‘ನೋಡಿ ಅಕ್ಕಾ’ ಎನ್ನುತ್ತಾಳೆ.