ಕ್ರಿಸ್‌ಮಸ್‌ಗೆ ವಿರಾಜಪೇಟೆ ಮನೆ ಸೇರೋದು ಹೇಗೆ

ಪ್ರತಿ ಡಿಸೆಂಬರಲ್ಲೂ ಆಫೀಸಲ್ಲಿ ಯಾರಾದ್ರೂ ಕೇಳೇ ಕೇಳ್ತಾರೆ, "ಕ್ರಿಸ್‌ಮಸ್‌ಗೆ ಕೂರ್ಗ್ ಟ್ರಿಪ್ಪಾ, ಲಕ್ಕಿ ಕಣ್ರೀ ನೀವು" ಅಂತ. ಟ್ರಿಪ್ ಅಲ್ಲ ಮಾರಾಯ್ರೆ, ಅದು ನಮ್ಮೂರು, ಅಲ್ಲಿಗೆ ಹೋದ್ರೆ ಮಲಗೋಕಾಗಲ್ಲ, ಹಿಟ್ಟು ನಾದ್ಬೇಕು. ಹೆಂಡ್ತಿ ಮಕ್ಕಳನ್ನ ಕಟ್ಕೊಂಡು ಇಷ್ಟು ವರ್ಷ ಬೆಂಗಳೂರಿಂದ ಓಡಾಡಿ ಪೆಟ್ಟು ತಿಂದು ಕಲ್ತಿದ್ದನ್ನ ಹೇಳ್ತೀನಿ, ಹೊಸದಾಗಿ ಮದ್ವೆಯಾಗಿ ನಮ್ಮ ಕಡೆ ಸೇರಿರೋ ಅಳಿಯಂದ್ರು ಸ್ವಲ್ಪ ಗಮನ ಕೊಟ್ಟು ಓದಿ.

24ನೇ ತಾರೀಕು ಮಾತ್ರ ಹೊರಡ್ಬೇಡಿ. ಕೊಡಗಿಗೆ ರೈಲಿಲ್ಲ, ಮೈಸೂರಿಗೆ ಹಳಿ ಬಿಟ್ಟು ರೋಡಿಗಿಳೀಲೇಬೇಕು, ಅವತ್ತು ಅರ್ಧ ಬೆಂಗಳೂರು ಅದೇ ರೋಡಲ್ಲಿರುತ್ತೆ. 23ಕ್ಕೆ ಬೆಳಗ್ಗೆ ಐದಕ್ಕೆ ಗಾಡಿ ತೆಗೀರಿ. ಮೈಸೂರು ಎಕ್ಸ್‌ಪ್ರೆಸ್‌ವೇ 118 ಕಿಲೋಮೀಟರ್ ಸುಯ್ಯಂತ ಮುಗ್ದೋಗುತ್ತೆ, ಆ ಜೋಶಲ್ಲಿ "ಅಮ್ಮ, ಹತ್ತು ಗಂಟೆಗೆಲ್ಲ ಮನೇಲಿರ್ತೀವಿ" ಅಂತ ಫೋನ್ ಹಚ್ಬೇಡಿ, ಅವರು ಹತ್ತಕ್ಕೆ ಸರಿಯಾಗಿ ಕಡಂಬುಟ್ಟು, ಅಂದ್ರೆ ಅಕ್ಕಿ ತರಿ ಕಡುಬು, ಬೇಯೋಕಿಟ್ಟು ಗೇಟ್ ಹತ್ರ ನಿಂತ್ಕೊಂಡು, ನೀವು ಹನ್ನೆರಡಕ್ಕೆ ಇಳಿದಾಗ ಮುಖ ಊದಿಸ್ಕೊಂಡಿರ್ತಾರೆ. ದಾರೀಲಿ ಶ್ರೀರಂಗಪಟ್ಟಣದ ಬೋರ್ಡ್ ಬಂದಾಗ ನಮ್ಮಪ್ಪ ಪ್ರತಿಸಲ ಅದೇ ಕಥೆ ಹೇಳ್ತಿದ್ರು, ಟಿಪ್ಪು ಸೆರೆಯಿಂದ ತಪ್ಪಿಸ್ಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ದೊಡ್ಡವೀರರಾಜೇಂದ್ರ ರಾಜ ಜಾಗ ಕೊಟ್ಟಿದ್ದು, 1792ರಲ್ಲಿ ವಿರಾಜಪೇಟೆ ಆಗಿದ್ದು, ಸಂತ ಅನ್ನಮ್ಮನ ಚರ್ಚ್ ಆಗಿದ್ದು. ಆಗಿನೋರು ಕಾಡಲ್ಲಿ ನಡ್ಕೊಂಡು ಹೋದ್ರು, ನಾವು ಟೋಲ್ ಕ್ಯೂನಲ್ಲಿ ಹತ್ತು ನಿಮಿಷ ನಿಂತಿದ್ದಕ್ಕೆ ಬೈಕೊಳ್ತೀವಿ.

ಹುಣಸೂರಲ್ಲಿ ಗೋಣಿಕೊಪ್ಪದ ರೋಡ್ ಹಿಡೀರಿ. ಒಂದ್ಸಲ ಮಡಿಕೇರೀಲಿ ಅತ್ತೆಗೆ ಕೇಕ್ ಕೊಟ್ಟು ಹೋಗೋಣ ಅಂತ ಕುಶಾಲನಗರದ ಕಡೆ ತಿರುಗಿಸ್ದೆ, ಅಲ್ಲಿ ಜಾಮಲ್ಲಿ ನಿಂತಾಗ ಒಬ್ಬ ಹುಡುಗ ಕಿಟಕಿಗೆ ಬಗ್ಗಿ "ಹೋಮ್‌ಸ್ಟೇ ಬೇಕಾ ಸಾರ್, ಕ್ಯಾಂಪ್‌ಫೈರ್ ಇದೆ" ಅಂದ. ಸ್ವಂತ ಊರಲ್ಲಿ! ಮಕ್ಕಳು "ಬೇಕು ಬೇಕು" ಅಂದ್ರು ಬೇರೆ. ತಿಂಡಿ, ಟಾಯ್ಲೆಟ್ ಎಲ್ಲ ಹುಣಸೂರಲ್ಲೇ ಮುಗಿಸಿ, ಯಾಕಂದ್ರೆ ಆನೆಚೌಕೂರು ಗೇಟ್ ದಾಟಿದ್ರೆ ತಿತಿಮತಿ ತನಕ ಕಾಡು, ಇಳಿಯೋ ಹಾಗಿಲ್ಲ. ವಾಂತಿ ಮಾಡೋ ಮಗು ಇದ್ರೆ ಎರಡು ಇಡ್ಲಿಗಿಂತ ಜಾಸ್ತಿ ತಿನ್ನಿಸ್ಬೇಡಿ, ಪೂರಿ ಅಂತೂ ಬೇಡ್ವೇ ಬೇಡ, ಪ್ಲಾಸ್ಟಿಕ್ ಕವರ್ ಡಿಕ್ಕೀಲಲ್ಲ, ಕೈಗೆ ಸಿಗೋ ಜಾಗದಲ್ಲಿರ್ಲಿ.

ಬೆಂಗಳೂರಿಂದ ಪ್ಲಮ್ ಕೇಕ್ ಹೊತ್ಕೊಂಡು ಹೋಗ್ಬೇಡಿ. ನಾನು ಒಂದ್ಸಲ ದುಡ್ಡು ಸುರಿದು ತಗೊಂಡ್ಹೋದೆ, ಅಮ್ಮ "ಚೆನ್ನಾಗಿದೆ ಮಗಾ" ಅಂದು, ರಾತ್ರಿ ಕ್ಯಾರಲ್ಸ್‌ಗೆ ಬಂದ ಹುಡುಗ್ರಿಗೆ ಪೂರ್ತಿ ಕಟ್ ಮಾಡಿ ಹಂಚ್ಬಿಟ್ರು.

ಮನೆಗೆ ಕಾಲಿಟ್ಟ ಮೇಲೆ ನಿಮ್ಮ ಜಾಗ ಅಡುಗೆಮನೆ, ಕುಸ್ವಾರ್, ಅಂದ್ರೆ ಕ್ರಿಸ್‌ಮಸ್ ತಿಂಡಿಗಳ ಕೆಲಸ, ಅರ್ಧಂಬರ್ಧ ನಿಮಗೋಸ್ಕರನೇ ಉಳಿಸಿರ್ತಾರೆ. ಕಿಡಿಯೊ ಮಕ್ಕಳಿಗೆ ಬಿಡಿ, ಫೋರ್ಕ್ ಬೆನ್ನಿಗೆ ಹಿಟ್ಟಿನ ಉಂಡೆ ಒತ್ತಿ ಸುತ್ತೋದು, ಹೆಸರಿಗೆ ಹುಳು ಅಂತ ಅರ್ಥ ಅಂದ್ರೆ ಸಾಕು, ಮೊಬೈಲ್ ಬಿಸಾಕಿ ಬರ್ತಾರೆ. ಕೊಕ್ಕಿಸಾಂ, ಅಂದ್ರೆ ಅಚ್ಚಲ್ಲಿ ಕರಿಯೋ ಹೂವಿನ ಆಕಾರದ ತಿಂಡಿ, ನೀವು ತಗೊಳ್ಳಿ. ಅಚ್ಚನ್ನ ಮೊದ್ಲು ಎಣ್ಣೇಲೇ ಮುಳುಗ್ಸಿ ಚೆನ್ನಾಗಿ ಕಾಯಿಸ್ಬೇಕು, ಆಮೇಲೆ ಎಣ್ಣೆ ಒದರಿ ತೆಂಗಿನಹಾಲಿನ ಹಿಟ್ಟಿಗೆ ಮುಕ್ಕಾಲು ಭಾಗ ಅದ್ದಿ, ಪೂರ್ತಿ ಮುಳುಗ್ಸಿದ್ರೆ ಹಿಟ್ಟು ಮೇಲೆ ಹತ್ತಿ ಕಚ್ಕೊಂಡು ಬಿಡೋದೇ ಇಲ್ಲ. ಅದ್ದಿದಾಗ ಚುಯ್ ಅಂತ ಸದ್ದು ಬರ್ಬೇಕು, ಬರ್ಲಿಲ್ಲ ಅಂದ್ರೆ ಅಚ್ಚು ಇನ್ನೂ ಕಾದಿಲ್ಲ. ವಾಪಸ್ ಎಣ್ಣೇಲಿಟ್ಟು ಸ್ವಲ್ಪ ಅಲ್ಲಾಡಿಸಿದ್ರೆ ಹೂವು ತಾನೇ ಕಳಚ್ಕೊಳ್ಳುತ್ತೆ. ಮೊದಲ ಮೂರು ನಾಲ್ಕು ಹಾಳಾಗೋದು ಗ್ಯಾರಂಟಿ, ಅದನ್ನ ಸದ್ದಿಲ್ದೆ ತಿಂದು ಮುಗಿಸಿ, ಚಿಕ್ಕಮ್ಮ ನೋಡಿದ್ರೆ ಮುಂದಿನ ಕ್ರಿಸ್‌ಮಸ್ ತನಕ ಎಲ್ಲರಿಗೂ ಹೇಳ್ತಿರ್ತಾರೆ.

ಹಬ್ಬದ ದಿನ ಹಂದಿ ಕೊಡವರ ಪಂದಿಕರಿ ಆಗ್ಬೇಕಾ, ಮಂಗಳೂರು ಕ್ರೈಸ್ತರ ಬಫಾತ್ ಆಗ್ಬೇಕಾ ಅನ್ನೋ ಜಗಳಕ್ಕೆ ಹೋಗ್ಬೇಡಿ. ನಮ್ಮನೇಲಿ ಎರಡೂ ಆಗುತ್ತೆ, ಇಡ್ಲಿ ಥರದ ಸಾನ್ನಾನೂ ಇರುತ್ತೆ ಕಡಂಬುಟ್ಟೂ ಇರುತ್ತೆ. ನನಗೆ ಕೇಳಿದ್ರೆ ಕಾಚಂಪುಳಿ ಅನ್ನೋ ಕೊಡಗಿನ ಕಪ್ಪು ಹುಳಿ ಹಾಕಿದ ಪಂದಿಕರೀನೇ ಮೇಲು, ಆದ್ರೆ ಇದನ್ನ ಅಮ್ಮನ ಮುಂದೆ ಹೇಳಿಲ್ಲ.

ಇನ್ನೊಂದು, ಡಿಸೆಂಬರ್ ಅಂದ್ರೆ ಅರೇಬಿಕಾ ಕುಯ್ಲು. ಕಣದಲ್ಲಿ ಕಾಫಿ ಹಣ್ಣು ಹರಡಿರುತ್ತೆ, ಮಕ್ಕಳು ಅದರ ಮೇಲೆ ಜಾರಾಟ ಶುರು ಮಾಡಿದ್ರೆ ಚಿಕ್ಕಪ್ಪನ ಹಬ್ಬ ಅಲ್ಲಿಗೇ ಮುಗೀತು. ಸುಮ್ನೆ ಕೂತಿದ್ದೀರಿ ಅಂತ ಕಂಡ್ರೆ ನಿಮ್ಮ ಕೈಗೇ ಕಾಫಿ ಎಳೆಯೋ ಹಲಗೆ ಕೊಡ್ತಾರೆ, ತಗೊಂಡು ಎಳೀರಿ, ಬಿಸಿಲು ಕಾಯಿಸ್ದಂಗೂ ಆಗುತ್ತೆ. ರಾತ್ರಿ ಪೂಜೆಗೆ ಹೋಗುವಾಗ ಶಾಲು ಮರೀಬೇಡಿ, ಮುಗಿಸಿ ಹೊರಗೆ ನಿಂತು ಎಲ್ಲರಿಗೂ ಹ್ಯಾಪಿ ಕ್ರಿಸ್‌ಮಸ್ ಹೇಳೋಷ್ಟರಲ್ಲಿ ಮಂಜಿಗೆ ಕಿವಿ ಮರಗಟ್ಟುತ್ತೆ.

ವಾಪಸ್ ಹೊರಡುವಾಗ ಡಿಕ್ಕಿ ಖಾಲಿ ಇಟ್ಕೊಳ್ಳಿ. ಕಿತ್ತಳೆ, ಕಾಫಿಪುಡಿ, ಒಂದು ಬಾಟ್ಲಿ ವೈನು, ಎರಡು ಡಬ್ಬ ಕುಸ್ವಾರ್, ಬೇಡ ಅಂದ್ರೂ ತುಂಬ್ತಾರೆ. ಡಬ್ಬ ಕೊಡುವಾಗ ಅಮ್ಮ ಒಂದೇ ಮಾತು ಹೇಳೋದು, "ಡಬ್ಬ ವಾಪಸ್ ತಾ". ಹೋದ ವರ್ಷದ ಡಬ್ಬದಲ್ಲಿ ನಮ್ಮ ಮನೇಲಿ ಸ್ಕ್ರೂ, ಮೊಳೆ, ಹಳೇ ಚಾರ್ಜರ್ ಇದೆ. ಈ ಸಲ ಪ್ಯಾಕಿಂಗ್ ಶುರು ಮಾಡೋ ಮುಂಚೆ ಅದನ್ನ ತೊಳೆದು ಬಿಸಿಲಿಗಿಡ್ಬೇಕು.